ಅಕ್ಕನ ಓದಿಗೆ ನನ್ನ ಗಂಟಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಓದುವುದು ಎಂದರೆ ಕೂಗುವುದು. ಬಾಯಿ ಮುಚ್ಚಿಕೊಂಡು ಪುಸ್ತಕ ನೋಡುತ್ತ ಕೂತವರನ್ನು ಅಪ್ಪ ಓದುವವರೆಂದು ಒಪ್ಪುತ್ತಿರಲಿಲ್ಲ, ತೂಕಡಿಸುವವರೆಂದೇ ತಿಳಿಯುತ್ತಿದ್ದ. ಮರಾಠಿ ಸೀಮೆಯ ಉಮರಗಾದ ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ಮುಂದೆ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ಚೀಲ ಒಟ್ಟಿದ ಕೋಣೆ, ಕಡೆಗೆ ಅಡುಗೆಮನೆ ಮತ್ತು ಹಿತ್ತಲು. ಗಾದಿಯ ಮೇಲೆ ಕೂತ ಅಪ್ಪನಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಅದಕ್ಕೆ ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂಬುದನ್ನು ಅವನು ಕಿವಿಯಿಂದಲೇ ತೂಗುತ್ತಿದ್ದ.

"ಕಿವಿಗಿ ಬೀಳಲಾರದ ಓದು ತಲಿಗಿ ಹತ್ತಂಗಿಲ್ಲ" ಎಂಬುದು ಅಪ್ಪನ ಸಿದ್ಧಾಂತ. ಬೆಳಗಿನ ಲಿಂಗಪೂಜೆಯನ್ನೂ ಅವನು ಓಣಿಗೆಲ್ಲ ಕೇಳುವಂತೆ ಮಾಡುತ್ತಿದ್ದ. ಅಷ್ಟು ದನಿ ತೆಗೆದು ಕರೆದರೆ ಶಿವನಿಗೂ ಬಾರದೆ ಗತಿಯಿಲ್ಲ ಎಂದು ಅಜ್ಜಿ ನಗುತ್ತಿದ್ದಳು. ಓದುವಾಗ ನಮ್ಮ ದನಿ ಸ್ವಲ್ಪ ಇಳಿದರೂ ಸಾಕು, "ಯಾಕ, ನಿದ್ದಿ ಬಂತೇನು?" ಎಂದು ಅಂಗಡಿಯಿಂದ ಕೂಗು ಬರುತ್ತಿತ್ತು. ತಕ್ಕಡಿ ಹಿಡಿದ ಕೈ ಅಲ್ಲೇ ಇರುತ್ತಿತ್ತು, ಕಿವಿ ಮಾತ್ರ ಒಳಗೆ ತಿರುಗಾಡುತ್ತಿತ್ತು.

ನನ್ನ ಅಕ್ಕ ಉದಗೀರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಕಲಿಯುತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅರ್ಥಶಾಸ್ತ್ರ ಕೈಕೊಟ್ಟಿತ್ತು. ಓದಿರಲಿಲ್ಲವೆಂದಲ್ಲ. ಕೂಗಿ ಕೂಗಿ ಬಾಯಿಪಾಠ ಮಾಡಿ, ಗಂಟಲು ಕಟ್ಟಿಸಿಕೊಂಡೇ ಪರೀಕ್ಷೆಗೆ ಕೂತಿದ್ದಳು. ಬರೆಯುವಾಗ ನಡುವೆ ಒಂದು ಶಬ್ದ ಜಾರಿತು, ಅದರ ಬೆನ್ನಿಗೆ ಪುಟವೆಲ್ಲ ಜಾರಿತು. ಆಗ ಅಪ್ಪ ಒಂದೇ ಮಾತು ಹೇಳಿದ್ದ: "ವಾರ್ಷಿಕದಾಗ ಪಾಸಾದ್ರ ಮುಂದ ಕಲಿ. ಇಲ್ಲಾಂದ್ರ ಪುಸ್ತಕ ರದ್ದಿಗಿ, ನೀ ಮನಿಗಿ." ಆ ಮಾತು ಕೇಳಿ ಅಕ್ಕ ಅಂದು ಊಟ ಬಿಟ್ಟು ಎದ್ದಿದ್ದಳು.

ವಾರ್ಷಿಕ ಪರೀಕ್ಷೆಯ ಓದಿಗೆಂದು ರಜೆ ಕೊಟ್ಟಾಗ ಅಕ್ಕ ಮನೆಗೆ ಬಂದಳು. ಬರುವಾಗಲೇ ಓದುವ ಬೇರೊಂದು ರೀತಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಪಾಠವನ್ನು ಒಮ್ಮೆ ಮೆಲ್ಲಗೆ ಓದಬೇಕು. ಪುಸ್ತಕ ಮುಚ್ಚಬೇಕು. ಓದಿದ್ದನ್ನು ಯಾರಿಗಾದರೂ ತನ್ನ ಮಾತಿನಲ್ಲಿ ಹೇಳಬೇಕು. ಮಾತು ಎಲ್ಲಿ ತಡವರಿಸುತ್ತದೋ ಅಲ್ಲಿ ತನಗೇ ತಿಳಿದಿಲ್ಲ ಎಂದು ಅರ್ಥ, ಮತ್ತೆ ಪುಸ್ತಕ ತೆರೆಯಬೇಕು. ಪುಸ್ತಕವೋ ಮರಾಠಿ, ನಮ್ಮ ಮನೆಯ ಮಾತೋ ಕನ್ನಡ. ಅಲ್ಲಿಂದ ಇಲ್ಲಿಗೆ ತರುವಾಗ ಬಾಯಿಪಾಠ ದಾರಿಯಲ್ಲೇ ಬಿದ್ದುಹೋಗುತ್ತದೆ, ತಿಳಿದದ್ದು ಮಾತ್ರ ಮನೆ ಮುಟ್ಟುತ್ತದೆ.

ಕೇಳುವವಳು ಅಜ್ಜಿ. ಹಿತ್ತಲಿನ ಬೇವಿನ ನೆರಳಿನಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತ ಕೂತಿರುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಸುದ್ದಿ ಎಂದರೆ ಪ್ರಾಣ. ಅರ್ಥಶಾಸ್ತ್ರವನ್ನೂ ಓಣಿಯ ಸುದ್ದಿಯಂತೆಯೇ ಕೇಳುತ್ತಿದ್ದಳು. "ಅಂವಾ ಮಾಲು ಯಾಕ ಕೊಡಲಿಲ್ಲ? ಇಂವಾ ಯಾಕ ಸುಮ್ಮ ಕೂತ?" ಎಂದು ಬಿಡದೆ ಕೆದಕುತ್ತಿದ್ದಳು. ಅಕ್ಕನಿಗೆ ಬೇಕಾದದ್ದೂ ಅದೇ.

ಆದರೆ ಒಳಗಿನಿಂದ ಓದಿನ ದನಿ ಬಾರದಿದ್ದರೆ ಅಂಗಡಿಯಲ್ಲಿ ಅಪ್ಪ ಸುಮ್ಮನಿರುತ್ತಾನೆಯೇ? ಆಗ ಅಕ್ಕನ ಕಣ್ಣು ನನ್ನ ಮೇಲೆ ಬಿತ್ತು. ನನ್ನ ದನಿ ಇನ್ನೂ ಒಡೆದಿರಲಿಲ್ಲ, ಗೋಡೆಯಾಚೆಯಿಂದ ಕೇಳಿದರೆ ಥೇಟ್ ಅವಳದೇ. ನನ್ನ ಶಾಲೆಯೂ ಮರಾಠಿ, ಹಾಗಾಗಿ ಅಕ್ಷರಕ್ಕೆ ತೊಂದರೆಯಿರಲಿಲ್ಲ. ಒಪ್ಪಂದವಾಯಿತು. ಚೀಲದ ಕೋಣೆಯಲ್ಲಿ ಕೂತು ನಾನು ಅವಳ ಹಳೆಯ ಪುಸ್ತಕವನ್ನು ಕೂಗಿ ಓದಬೇಕು, ಅವಳು ಅಜ್ಜಿಯ ಹತ್ತಿರ ಕೂತು ನಿಜವಾಗಿ ಓದುತ್ತಾಳೆ. ನನಗೆ ಶೇಂಗಾ ಮತ್ತು ಬೆಲ್ಲ.

ನಾನು ಹೇಳಹೊರಟಿರುವುದು ಅಕ್ಕ ಉದಗೀರಿಗೆ ಹೊರಡುವ ಹಿಂದಿನ ದಿನದ ಸಂಗತಿ. ಬಿಸಿಲು ಚುರುಗುಡುತ್ತಿತ್ತು. ಕೋಣೆಯ ತುಂಬ ಗೋಣಿಯ ವಾಸನೆ, ತೊಗರಿಯ ಧೂಳು, ಮೂಲೆಯಲ್ಲಿ ಮೆಣಸಿನಕಾಯಿಯ ಚೀಲ. ನಾನು ಜೋಳದ ಚೀಲಗಳ ಮೇಲೆ ಹತ್ತಿ ಕೂತು, ದವಡೆಯಲ್ಲಿ ಬೆಲ್ಲ ಒತ್ತಿಕೊಂಡು, "ಮಾಗಣೀ ವಾಢಲೀ ಕೀ ಕಿಂಮತ ವಾಢತೇ!" ಎಂದು ಗರ್ಜಿಸುತ್ತಿದ್ದೆ. ಬೇಡಿಕೆ ಏರಿದರೆ ಬೆಲೆ ಏರುತ್ತದೆ ಎಂದು ಅದರ ಅರ್ಥ. ನನಗೆ ಆಗ ಅದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮೆಣಸಿನಕಾಯಿಯ ಘಾಟಿಗೆ ನಡುನಡುವೆ ಸೀನುತ್ತಿದ್ದೆ. ಪಾಪ, ಹುಡುಗಿಗೆ ಓದಿ ಓದಿ ನೆಗಡಿ ಬಂದಿದೆ ಎಂದು ಅಪ್ಪ ಮರುಗುತ್ತಿದ್ದನಂತೆ.

ಅಂಗಡಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ದಾಳಿಂಬ ಎಂಬ ಹಳ್ಳಿಯಿಂದ ಬಂದಿದ್ದ, ನಮ್ಮ ಅಂಗಡಿಗೆ ಕಾಳು ಹಾಕುವ ರೈತ ಕಾಕಾ ಅದನ್ನು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ್ದರಿಂದ ನನಗೂ ತಿಳಿಯಿತು. ಕಾಕಾ ಒಂದು ಚೀಲ ತೊಗರಿ ತಂದಿದ್ದ. ಇನ್ನಷ್ಟು ತಾ ಎಂದು ಅಪ್ಪ ಬೆನ್ನು ಹತ್ತಿದ್ದ. ಈ ವರ್ಷದ ಬೆಳೆ ಇಷ್ಟೇ, ಮನೆಯಲ್ಲಿ ಕಾಳೂ ಉಳಿದಿಲ್ಲ ಎಂದು ಕಾಕಾ ಆಣೆ ಇಡುತ್ತಿದ್ದ. ಚಹಾ ಕುಡಿಸಿದರೆ ಮನಸ್ಸು ಕರಗೀತೆಂದು ಅಪ್ಪ ಒಳಗೆ ಚಹಾ ಹೇಳಿದ. ಅವ್ವ ನೆಂಟರ ಮನೆಗೆ ಹೋಗಿದ್ದಳು, ಅಜ್ಜಿಗೆ ಮೊಣಕಾಲು ನೋವು, ನಾನು ಓದುತ್ತಿದ್ದೆ. ಅಕ್ಕ ಎದ್ದಳು. ಪಾಠವನ್ನು ಬಾಯಲ್ಲಿ ಮೆಲುಕು ಹಾಕುತ್ತಲೇ ಚಹಾ ಕುದಿಸಿದಳು, ಕಪ್ಪು-ಬಸಿ ಹೊಂದಿಸಿದಳು, ತಾಟು ಹಿಡಿದು ನಡೆದಳು. ಓದಿನಲ್ಲಿ ಎಷ್ಟು ಮುಳುಗಿದ್ದಳೆಂದರೆ, ಅಪ್ಪನ ಲೆಕ್ಕದಲ್ಲಿ ತಾನು ಚೀಲದ ಕೋಣೆಯಲ್ಲಿ ಕೂಗಿ ಓದುತ್ತಿದ್ದೇನೆ ಎಂಬುದನ್ನೇ ಮರೆತಿದ್ದಳು.

ಅದೇ ಹೊತ್ತಿಗೆ ಅಪ್ಪ ಕಾಕಾನ ಮುಂದೆ ಮೀಸೆ ತಿರುವುತ್ತಿದ್ದ. "ಕೇಳ್ರಿ, ನಮ್ಮ ಹುಡುಗಿ ಮುಂಜಾನಿಂದ ಹಿಂಗೇ ಓದ್ಲಾಕತ್ಯಾಳ. ನೀರು ಸುದ್ದಾ ಕುಡದಿಲ್ಲ."

"ಚಹಾ ತೊಗೋರಿ ಕಾಕಾ" ಎಂದು ಅಕ್ಕ ತಾಟು ಮುಂದೆ ಹಿಡಿದಳು.

ಒಳಗಿನಿಂದ ಓದು ಇನ್ನೂ ಜೋರಾಗಿ ಕೇಳುತ್ತಿತ್ತು. ಕಾಕಾ ಬಸಿ ತೆಗೆದುಕೊಂಡ. ಅಕ್ಕನನ್ನು ನೋಡಿದ. ಒಳಬಾಗಿಲನ್ನು ನೋಡಿದ. ಬಹಳ ಗಂಭೀರವಾಗಿ ಕೇಳಿದ: "ಸಾವಕಾರ್ರ, ನಿಮಗ ಹೆಣ್ಣಮಕ್ಕಳು ಎಷ್ಟು ಮಂದಿ ಅಂದ್ರಿ?"

ಅಪ್ಪ ಗಾದಿಯಿಂದ ಇಳಿದು ಸದ್ದಿಲ್ಲದೆ ಕೋಣೆಗೆ ಬಂದ. ನಾನು ಕಣ್ಣು ಮುಚ್ಚಿಕೊಂಡು ಓದುತ್ತಿದ್ದೆ, ಅಷ್ಟೊತ್ತಿಗೆ ಪುಟವೆಲ್ಲ ಬಾಯಿಗೆ ಬಂದಿತ್ತು. ಬೆಲ್ಲ ಜಗಿಯಲು ಓದು ನಿಲ್ಲಿಸಿ ಕಣ್ಣು ತೆರೆದರೆ ಎದುರಿಗೆ ಅಪ್ಪ.

"ಮುಗೀತೇನ್ರಿ ಪ್ರೊಫೆಸರ್ ಸಾಹೇಬ್ರ?" ಎಂದ.

ನನ್ನ ಕಿವಿ ಹಿಡಿದು ಅಂಗಡಿಗೆ ಕರೆತಂದ. ಅಕ್ಕ ಖಾಲಿ ತಾಟು ಎದೆಗೆ ಅವುಚಿಕೊಂಡು ನಿಂತಿದ್ದಳು. ಅಜ್ಜಿ ಮೊಣಕಾಲು ಹಿಡಿದುಕೊಂಡು ಬಂದು ಬಾಗಿಲಲ್ಲಿ ಕೂತಳು. ಇಂಥ ಸುದ್ದಿಯನ್ನು ಅವಳು ಬಿಡುವವಳಲ್ಲ. ಅಪ್ಪ ಕೂಗಾಡಲಿಲ್ಲ, ಅದೇ ನಮಗೆ ಹೆದರಿಕೆ ಹುಟ್ಟಿಸಿತು. "ನಾಳಿ ಉದಗೀರ ಇಲ್ಲ, ಪರೀಕ್ಷಾ ಇಲ್ಲ. ಓದಲಾರದಾಕಿ ಹೋಗಿ ಏನು ಬರೀತಾಳ?" ಎಂದ. ನನಗೆ ಅಷ್ಟು ದಿನದ ಬೆಲ್ಲವೆಲ್ಲ ಒಮ್ಮೆಲೇ ಕಹಿಯಾಯಿತು.

ಚಹಾ ಹೀರುತ್ತಿದ್ದ ಕಾಕಾನಿಗೆ ಮಾತ್ರ ಮಜಾ ಬಂದಿತ್ತು. "ಒಮ್ಮಿ ಕೇಳಿ ನೋಡ್ರಿ ಸಾವಕಾರ್ರ, ಯಾರಿಗೆಷ್ಟು ಬರ್ತದಂತ" ಎಂದ.

ಮೊದಲ ಸರದಿ ನನ್ನದು. ನಾನು ಎದೆ ಉಬ್ಬಿಸಿ ಶುರು ಮಾಡಿದೆ. ಒಂದು ಪಾಠವನ್ನು ತಲೆಯಿಂದ ಬುಡದವರೆಗೆ, ಸೀನು ಸಮೇತ ಒಪ್ಪಿಸಿದೆ. ಅಪ್ಪನ ಹುಬ್ಬು ಮೇಲೇರಿತು. ಎಷ್ಟು ಸಿಟ್ಟಿದ್ದರೂ ಕೂಗಿ ಓದಿದರೆ ತಲೆಗೆ ಹತ್ತುತ್ತದೆ ಎಂಬ ತನ್ನ ಸಿದ್ಧಾಂತ ಗೆದ್ದದ್ದು ಅವನಿಗೆ ಸಂತೋಷವೇ. "ಭಲೇ! ಈಗ ಇದರ ಅರ್ಥ ಹೇಳು" ಎಂದ.

"ಅರ್ಥದ ಕೆಲಸ ಅಕ್ಕಂದು. ನಂದು ಬರೇ ದನೀದು" ಎಂದೆ. ಕಾಕಾನ ಮೂಗಿನಿಂದ ಚಹಾ ಬಂತು.

ಆಮೇಲೆ ಅಕ್ಕ. ಅವಳು ಪುಸ್ತಕದ ಒಂದು ಶಬ್ದವನ್ನೂ ಎತ್ತಲಿಲ್ಲ. ಪಕ್ಕದ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಕಟ್ಟೆಯ ಮೇಲೆ ಸುರಿದಳು. "ಜ್ವಾಳದ ಭಾವ ಇಳೀತು ಅಂದ್ರ ಜನ ಹೆಚ್ಚು ತೊಗೋತಾರ. ಏರಿತು ಅಂದ್ರ ಕಡಿಮಿ ತೊಗೋತಾರ" ಎಂದು ಶುರು ಮಾಡಿ, ಯಾಕೆ ಹಾಗೆ ಎಂಬುದನ್ನು ಅಜ್ಜಿಗೆ ಹೇಳುವಂತೆಯೇ ಬಿಡಿಸಿ ಬಿಡಿಸಿ ಹೇಳಿದಳು. ಅಪ್ಪನಿಗೆ ಪ್ರತಿಯೊಂದು ಮಾತೂ ತಿಳಿಯಿತು. ಎಡವಟ್ಟಾದದ್ದೇ ಅಲ್ಲಿ.

"ಇಷ್ಟೇ ಏನು?" ಎಂದು ಅಪ್ಪ ಎದ್ದು ನಿಂತ. "ಇದನ್ನ ಕಲೀಲಿಕ್ಕ ಉದಗೀರಕ್ಕ ಹೋಗಬೇಕಾ? ಇಲ್ಲಿ ಗಾದಿ ಮ್ಯಾಲ ಕೂತ್ರ ಸಾಕಿತ್ತಲ್ಲ! ಅದೂ ತಪ್ಪು ಬರದಾರ. ಭಾವ ಇಳೀಲಿಕ್ಕ ಹತ್ತಿತು ಅಂದ್ರ ಒಬ್ಬ ಗಿರಾಕಿನೂ ಬರಂಗಿಲ್ಲ. ನಾಳಿ ಇನ್ನೂ ಇಳೀತದ ಅಂತ ಮನ್ಯಾಗ ಕೂಡ್ತಾರ."

ನಾನು ಮುಗಿಯಿತೆಂದೇ ತಿಳಿದೆ. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಅಕ್ಕ ಈಗ ತಲೆ ಎತ್ತಿದಳು. ನಮ್ಮ ಅಂಗಡಿಯಲ್ಲಿ ಅಪ್ಪನಿಗೆ ಎದುರುತ್ತರ ಕೊಟ್ಟವರನ್ನು ನಾನು ನೋಡಿರಲಿಲ್ಲ.

"ಅದೂ ಅದ ಅಪ್ಪಾ ಪುಸ್ತಕದಾಗ. ಉಳದದ್ದೆಲ್ಲಾ ಇದ್ದಂಗೇ ಇದ್ರ ಅಂತ ಮೊದಲೇ ಹೇಳ್ಯಾರ. ನಾಳಿ ಭಾವ ಏನಾಗ್ತದ ಅನ್ನೋ ಆಸಿ ಮನಸಿನಾಗ ಹೊಕ್ಕಿತು ಅಂದ್ರ ಲೆಕ್ಕ ಬದಲಾಗ್ತದ. ತೊಗೊಳ್ಳಾವರು ಅಷ್ಟೇ ಅಲ್ಲ, ಮಾರಾವರೂ ಹಂಗೇ. ಭಾವ ಏರ್ತದ ಅನಿಸ್ತು ಅಂದ್ರ ಮಾಲಿದ್ರೂ ಇಲ್ಲ ಅಂತಾರ, ಮನ್ಯಾಗೇ ಇಟಗೋತಾರ."

"ಬರೋಬ್ಬರಿ ಮಾತವ್ವಾ!" ಎಂದು ಕಾಕಾ ತೊಡೆ ತಟ್ಟಿದ. ಪಾಠ ಅವನನ್ನು ಪೂರ್ತಿ ಹಿಡಿದುಬಿಟ್ಟಿತ್ತು. "ಅದಕ್ಕೇ ಅಲ್ಲೇನು ನಾ ಬಂಡಿಗಟ್ಟಲೆ ತೊಗರಿ ಮನ್ಯಾಗ ಇಟ್ಟಿದ್ದು!"

ಕಾಕಾ ಬಾಯಿಗೆ ಟವೆಲ್ ಅಡ್ಡ ಹಿಡಿದ. ಮಾತು ಜಾರಿತ್ತು, ಜಾರಿದ ಮಾತಿಗೆ ಟವೆಲ್ ಏನು ಮಾಡೀತು? ಬಾಗಿಲಲ್ಲಿ ಕೂತ ಅಜ್ಜಿ, "ಅಗ ಬಾಈ!" ಎಂದು ಮರಾಠಿಯಲ್ಲೇ ಉದ್ಗರಿಸಿದಳು. ಅವಳಿಗೆ ನಾಲ್ಕು ಮನೆಗೆ ಹಂಚುವಷ್ಟು ಸುದ್ದಿ ಸಿಕ್ಕಿತ್ತು.

ಅಪ್ಪ ಮೊದಲು ಕಾಕಾನನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಅವನ ಹೊಟ್ಟೆ ಕುಲುಕತೊಡಗಿತು, ಆಮೇಲೆ ಭುಜ ಕುಲುಕಿತು, ಕಡೆಗೆ ಗಾದಿಯ ಮೇಲೆ ಬಿದ್ದು ನಕ್ಕುಬಿಟ್ಟ. ಕಾಕಾನೂ ನಗದೆ ವಿಧಿಯಿರಲಿಲ್ಲ. ನಗು ನಿಂತ ಮೇಲೆ ಅಪ್ಪ ಕಣ್ಣೊರೆಸಿಕೊಂಡು ಅಕ್ಕನ ಕಡೆ ತಿರುಗಿದ. "ಉದಗೀರ ಗಾಡಿ ಮುಂಜಾನಿ ಎಷ್ಟಕ್ಕದ?" ಎಂದು ಕೇಳಿದ. ಅಕ್ಕ ತಾಟಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

ಮರುದಿನ ಅಪ್ಪ ತಾನೇ ಅವಳ ಜೊತೆ ಹೊರಟ. ಉಳಿದ ಪಾಠ ದಾರಿಯಲ್ಲಿ ಹೇಳಬೇಕೆಂದು ಕರಾರು. ಕೆಂಪು ಬಸ್ಸಿನಲ್ಲಿ ಕೂತಾಗಿನಿಂದ ಇಬ್ಬರದೂ ವಾದವೇ ವಾದವಂತೆ. ನಿಲಂಗಾದಲ್ಲಿ ಬಸ್ಸು ನಿಂತಾಗ ಅಪ್ಪ ಚಹಾಕ್ಕೆ ಇಳಿದ. ಗ್ಲಾಸು ಹಿಡಿದುಕೊಂಡೇ ಕಿಟಕಿಯ ಕೆಳಗೆ ನಿಂತು ವಾದ ಮುಂದುವರಿಸಿದ. ಕಂಡಕ್ಟರ್ ಗಂಟೆ ಹೊಡೆದ. ಅಪ್ಪ ಓಡಿ ಹತ್ತಿದ, ಚಹಾದಂಗಡಿಯ ಗ್ಲಾಸು ಅವನ ಜೊತೆ ಉದಗೀರು ನೋಡಿ ಬಂತು. ಕಾಲೇಜಿನ ಗೇಟಿನಲ್ಲಿ ಅಕ್ಕ ಕಾಲು ಮುಟ್ಟಿದಾಗ ಅಪ್ಪ, "ಜೋರಾಗಿ ಬರಿ ಅವ್ವಾ" ಎಂದನಂತೆ.

ಫಲಿತಾಂಶದ ಸುದ್ದಿಯನ್ನು ಉದಗೀರಿನಿಂದ ಬಂದ ಬಸ್ಸಿನ ಕಂಡಕ್ಟರ್ ಹೇಳಿಹೋದ. ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಪೇಟೆಯ ಆ ತುದಿಗೂ ಮುಟ್ಟುವಂತೆ ಕೂಗಿದ: "ನಾವು ಪಾಸಾದ್ವಿ!" ಅದರಲ್ಲಿ ನಾನೂ ಸೇರಿದ್ದೇನೆಂದು ತಿಳಿದು ಅಂದು ನಾನು ಹೆಚ್ಚಿಗೆ ಬೆಲ್ಲ ತಿಂದೆ. ಅಕ್ಕ ಮುಂದೆಯೂ ಕಲಿತಳು, ಎಷ್ಟು ಕಲಿಯಬೇಕೆಂದಿದ್ದಳೋ ಅಷ್ಟೂ ಕಲಿತಳು.

ಮೊಮ್ಮಕ್ಕಳೇ, ಈಗ ನಿಮ್ಮ ದೊಡ್ಡಕ್ಕ ಲಾತೂರಿನಲ್ಲಿ ಕಾಲೇಜು ಓದುತ್ತಾಳೆ. ರಜೆಗೆ ಬಂದಾಗ ಅವಳ ಕೋಣೆಯಿಂದ ಒಂದು ಚೂರೂ ದನಿ ಬರುವುದಿಲ್ಲ. ಕಿವಿಯಲ್ಲಿ ಎರಡು ಬಿಳಿ ಗುಂಡಿ, ಕೈಯಲ್ಲಿ ಮೊಬೈಲು. ಅದರೊಳಗಿನ ಮಾಸ್ತರರನ್ನು ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ತರಬಹುದು, ಅವಸರವಾದರೆ ಓಡಿಸಬಹುದು. ನನಗೆ ಹೊಟ್ಟೆಕಿಚ್ಚಾಗುತ್ತದೆ, ನಮ್ಮಪ್ಪನನ್ನು ನಿಲ್ಲಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ. ಆದರೆ ಊಟಕ್ಕೆ ಕೂತಾಗ ಅವಳು ಓದಿದ್ದೆಲ್ಲ ಮರೆತುಹೋಗುತ್ತದೆ ಎಂದು ಕಣ್ಣು ತುಂಬಿಕೊಂಡರೆ ನನಗೆ ಸಂಕಟವಾಗುತ್ತದೆ. ನೀವು ನಿಮ್ಮ ಪರೀಕ್ಷೆಗೆ ಒಬ್ಬೊಬ್ಬರೇ ಹೋಗುತ್ತೀರಿ. ನನ್ನ ಅಕ್ಕನ ಪರೀಕ್ಷೆಗೆ ಒಂದು ಮನೆ, ಒಂದು ಅಂಗಡಿ, ದಾಳಿಂಬದ ಒಬ್ಬ ರೈತ ಎಲ್ಲರೂ ಕೂತಿದ್ದೆವು.

ಅದಕ್ಕೆ ಹೇಳುತ್ತೇನೆ, ಕದ ತೆರೆದು ಹೊರಗೆ ಬನ್ನಿ. ನಾನು ಪಡಸಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದೇನೆ. ನಿಮ್ಮ ಇಂಗ್ಲಿಷ್ ಪಾಠವನ್ನು ನಮ್ಮ ಮನೆಯ ಮಾತಿನಲ್ಲಿ ನನಗೆ ಹೇಳಿ. ಅಜ್ಜನಿಗೆ ತಿಳಿಯುವುದಿಲ್ಲ ಎಂದು ಹಿಂದೆಮುಂದೆ ನೋಡಬೇಡಿ, ತಿಳಿಯದಿರುವುದೇ ಈ ಕೆಲಸಕ್ಕೆ ನನ್ನ ಯೋಗ್ಯತೆ. ಮತ್ತೆ, ನೀವು ಹೇಳಿದ್ದನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ, ಅಷ್ಟು ಮಾತ್ರ ಮಾತು ಕೊಡುತ್ತೇನೆ.