ಬಾಲಿಗೆ ಹೋದ ಮುದ್ದೆ ಕೋಲು

ಬೆಳಿಗ್ಗೆ ಎಂಟು ಗಂಟೆ. ಬಾಲಿ ದ್ವೀಪ. ಹುಲ್ಲಿನ ಚಾವಣಿಯ ದೊಡ್ಡ ವಿಲ್ಲಾ. ಈಜುಕೊಳದ ಪಕ್ಕ ನಾನು ಕಾಲು ಚಾಚಿ ಮಲಗಿದ್ದೆ. ಇದ್ದಕ್ಕಿದ್ದಂತೆ ಇಡೀ ಮನೆ ಕೂಗತೊಡಗಿತು.

ಫೈರ್ ಅಲಾರಂ! ಮನೆ ನೋಡಿಕೊಳ್ಳುವ ಕಡೆಕ್ ಎಂಬ ಹೆಂಗಸು ಓಡಿ ಬಂದಳು. ಅವಳ ಹಿಂದೆ ಮಾಲಿ, ಅವನ ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್. ನಾನೂ ಒದ್ದೆ ಟವೆಲ್‌ನಲ್ಲೇ ಓಡಿದೆ. ಅಡುಗೆಮನೆಯಲ್ಲಿ ಬೆಂಕಿ ಬಿದ್ದಿರಲಿಲ್ಲ. ನಮ್ಮ ಗಂಗಕ್ಕ ಚಿತ್ರಾನ್ನಕ್ಕೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದಳು, ಅಷ್ಟೆ. ಘಾಟಿಗೆ ಮಾಲಿ ಸೀನತೊಡಗಿದ.

ಅಕ್ಕ ಸೌಟು ಹಿಡಿದೇ ತಿರುಗಿ ನೋಡಿದಳು. "ಏನ್ಲಾ, ಇವ್ರಿಬ್ರೂ ತಿಂಡಿಗಾ? ಮೊದ್ಲೇ ಹೇಳ್ಬಾರ್ದಾ, ಇನ್ನೊಂದ್ ಪಾವು ಅಕ್ಕಿ ಹಾಕ್ತಿದ್ದೆ" ಅಂದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನಂತೂ ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ತುಮಕೂರಿಗೆ ಬಂದ ಮೇಲೆ ಅದನ್ನು ಇನ್ನೊಮ್ಮೆ ನೋಡಿದೆ. ಯಾಕೋ ನಗು ಬರಲಿಲ್ಲ. ಅದಕ್ಕೇ ಈ ವಾರ ನಿಮ್ಮ ತಲೆ ತಿನ್ನುತ್ತಿದ್ದೇನೆ.

ಗಂಗಕ್ಕ ನಮ್ಮ ಒಡಹುಟ್ಟಿದವರಲ್ಲಿ ಹಿರಿಯಳು. ಗಂಡ ತೀರಿಕೊಂಡ ಮೇಲೆ ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಪಕ್ಕ ಒಂದು ಮೆಸ್ ಶುರು ಮಾಡಿದಳು. ಫಸ್ಟ್ ಶಿಫ್ಟಿನವರಿಗೆ ತಿಂಡಿ, ಮಧ್ಯಾಹ್ನ ಮುದ್ದೆ ಊಟ, ಸೆಕೆಂಡ್ ಶಿಫ್ಟಿನವರಿಗೆ ಕಟ್ಟಿಕೊಡುವ ಡಬ್ಬಿ. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಗುಬ್ಬಿಯಲ್ಲಿರುವ ನನ್ನ ತಮ್ಮ ಮಂಜ ಡಿಪ್ಲೊಮಾ ಮುಗಿಸಿದ್ದು, ನಾನು ಪ್ಯಾಂಟು ಶರ್ಟು ಹಾಕಿಕೊಂಡು ಕಾಲೇಜಿಗೆ ಹೋಗಿದ್ದು ಎಲ್ಲ ಆ ಮೆಸ್ಸಿನಿಂದಲೇ. ಕಳೆದ ವರ್ಷ ಅವಳ ಬಲಭುಜ ಕೈಕೊಟ್ಟಿತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ಡಾಕ್ಟರು ಒಂದೇ ಮಾತು ಹೇಳಿದರು: "ಅಮ್ಮಾ, ಇನ್ನು ಮುದ್ದೆ ಕೋಲು ಮುಟ್ಟಬೇಡಿ." ಮೆಸ್ಸಿಗೆ ಬೀಗ ಬಿತ್ತು.

ಆಗ ನಮಗೆ ಜ್ಞಾನೋದಯವಾಯಿತು. ಅಕ್ಕನಿಗೆ ರೆಸ್ಟ್ ಕೊಡಿಸಬೇಕು! ಎಲ್ಲಿಗೆ ಹೋಗೋಣ ಅಂತ ಅವಳನ್ನೇ ಕೇಳಿದೆ.

"ಸಮುದ್ರ ನೋಡಿಲ್ಲ ಕಣೋ. ಮರಳಲ್ಲಿ ಸುಮ್ನೆ ಕೂತ್ಕೋಬೇಕು. ಯಾರೂ ಗಂಗಕ್ಕಾ ಅಂತ ಕರೀಬಾರ್ದು."

ಇಷ್ಟೇ ಕೇಳಿದ್ದು. ಇದಕ್ಕೆ ಮಂಗಳೂರಿನ ಬಸ್ಸು ಹತ್ತಿದ್ದರೆ ಸಾಕಿತ್ತು. ಆದರೆ ನಾವು ಅಷ್ಟಕ್ಕೆ ನಿಲ್ಲುವ ಜನವೇ? ಮಂಜನ ಮಗಳು ಫೋನಿನಲ್ಲಿ ಬಾಲಿ ತೋರಿಸಿದಳು. ನೀಲಿ ನೀರು, ಅದರಲ್ಲಿ ತೇಲುವ ತಿಂಡಿ ತಟ್ಟೆ. ಮುಗಿಯಿತು. ಮೂರು ಮನೆಯವರು ಒಟ್ಟಿಗೆ, ಅಕ್ಕನೂ ಸೇರಿ ಒಂಬತ್ತು ಜನ. ಬುಕಿಂಗ್ ಜವಾಬ್ದಾರಿ ನನ್ನ ತಲೆಗೆ. (ಪೇಪರಿನಲ್ಲಿ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಮನೆಯವರ ನಂಬಿಕೆ. ಓದುಗರಿಗೆ ಅಂಥ ಭ್ರಮೆ ಇಲ್ಲ.)

ಹೋಟೆಲ್ಲೇ ಬುಕ್ ಮಾಡುತ್ತಿದ್ದೆ. ಅಷ್ಟರಲ್ಲಿ ಕುಣಿಗಲ್ ಭಾವನ ಫೋನ್ ಬಂತು. ಇವರು ನನ್ನ ಎರಡನೇ ಅಕ್ಕನ ಗಂಡ. ದಿನಾ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. "ನೋಡಪ್ಪಾ, ಮಾಂಸ ಬೇಯ್ಸಿದ್ ಪಾತ್ರೇಲಿ ನಂಗಾಗಲ್ಲ. ಕಿಚನ್ ಇರೋದ್ ನೋಡು, ನಾವೇ ಏನೋ ಒಂದ್ ಮಾಡ್ಕಳಣ" ಅಂದರು. ಹೌದಲ್ಲ ಅನಿಸಿತು. ಆ್ಯಪಿನಲ್ಲಿ 'ಕಿಚನ್' ಎಂಬ ಚೌಕಕ್ಕೆ ಟಿಕ್ ಹಾಕಿದೆ. ವಿಲ್ಲಾದ ಮಾಲೀಕ ಬಹಳ ಸಂಭಾವಿತ. ಕಡೆಕ್ ಒಳ್ಳೆಯ ಅಡುಗೆಯವಳು, ಸಸ್ಯಾಹಾರವೂ ಮಾಡುತ್ತಾಳೆ, ಬೇಕೇ ಎಂದು ಮೆಸೇಜು ಕಳಿಸಿದ. ಬೇಡ, ಥ್ಯಾಂಕ್ಸ್, ನಮ್ಮದೇ ಅರೇಂಜ್‌ಮೆಂಟ್ ಇದೆ ಎಂದು ಇಂಗ್ಲಿಷಿನಲ್ಲಿ ಠೀವಿಯಿಂದ ಉತ್ತರ ಕೊಟ್ಟೆ.

ಯಾವ ಅರೇಂಜ್‌ಮೆಂಟು? ಆಗ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅಕ್ಕ ಈ ಪ್ರವಾಸಕ್ಕೆಂದು ಕೊಂಡ ವಸ್ತು ಒಂದೇ. ನೀಲಿ ರಬ್ಬರ್ ಚಪ್ಪಲಿ. "ಮರಳಲ್ಲಿ ಹಾಕ್ಕಳಕೆ" ಎಂದು ಹೊರಡುವ ಮುಂಚೆ ಎಲ್ಲರಿಗೂ ತೋರಿಸಿದಳು. ಕವರಿನಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟಳು.

ವಿಲ್ಲಾ ಗದ್ದೆಗಳ ನಡುವೆ ಇತ್ತು. ಸಮುದ್ರ ಅಲ್ಲಿಂದ ವ್ಯಾನಿನಲ್ಲಿ ಮುಕ್ಕಾಲು ಗಂಟೆ. (ಫೋಟೊದಲ್ಲಿ ಇದನ್ನು ಯಾರೂ ಹಾಕುವುದಿಲ್ಲ.) ಇರಲಿ, ಐದು ದಿನ ಇದೆಯಲ್ಲ, ನಾಳೆ ಹೋದರಾಯಿತು ಅಂದುಕೊಂಡೆವು. ಮೊದಲ ಸಂಜೆ ಎಲ್ಲರಿಗೂ ಹಸಿವು. ಯಾರು ಮಾಡುವುದು ಎಂದು ಮಾತೇ ಆಗಲಿಲ್ಲ. ಎಲ್ಲರೂ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಗ್ಯಾಸ್ ಹಚ್ಚಿಯಾಗಿತ್ತು.

ಮನೆಯಲ್ಲಿ ಬೇರೆ ಹೆಂಗಸರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದರು, ಸೊಪ್ಪು ಬಿಡಿಸಿಕೊಟ್ಟರು, ತೆಂಗಿನಕಾಯಿ ತುರಿದುಕೊಟ್ಟರು. ಬೇರೆ ಗಂಡಸರು ಇರಲಿಲ್ಲವೇ ಎಂದು ಮಾತ್ರ ನೀವು ಕೇಳುವುದಿಲ್ಲ. ನನಗೂ ಆ ಪ್ರಶ್ನೆ ಹೊಳೆದದ್ದು ಊರಿಗೆ ಬಂದ ಮೇಲೆ.

ಮೂರನೇ ದಿನ ಮಂಜ ಒಂದು ಸರ್‌ಪ್ರೈಸ್ ಇದೆ ಎಂದ. ಸೂಟ್‌ಕೇಸ್ ತೆಗೆದು ಬಟ್ಟೆಗಳ ಕೆಳಗಿನಿಂದ ಎರಡು ಕೇಜಿ ರಾಗಿಹಿಟ್ಟು ಎಳೆದ. ಅದರ ಹಿಂದೆಯೇ ಬಂತು ಮುದ್ದೆ ಕೋಲು. ಗುಬ್ಬಿಯಿಂದ ಬಾಲಿಗೆ, ಮೂರು ಏರ್‌ಪೋರ್ಟು ದಾಟಿ! ಎಲ್ಲರೂ ಚಪ್ಪಾಳೆ ಹೊಡೆದೆವು. ಯಾರು ತಿರುವುವುದು? "ಅಕ್ಕನ್ ಕೈ ಮುದ್ದೆ ಅಂದ್ರೆ ಬೆಣ್ಣೆ" ಎಂದರು ಭಾವ. "ಒಂದೇ ಒಂದ್ಸಲ ಅಕ್ಕಾ" ಎಂದವನು ನಾನು. ಡಾಕ್ಟರು ಮುಟ್ಟಬೇಡಿ ಎಂದಾಗ ಆ ರೂಮಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನೂ ನಾನೇ.

ಅಕ್ಕ ಕೋಲು ತೆಗೆದುಕೊಂಡಳು. ಒಂಬತ್ತು ಜನಕ್ಕೆ ತಿರುವತೊಡಗಿದಳು, ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು. ಬಾಗಿಲಲ್ಲಿ ನಿಂತಿದ್ದ ಕಡೆಕ್ ಒಳಗೆ ಬಂದು ಅವಳ ಕೈಯಿಂದ ಕೋಲು ಕಿತ್ತುಕೊಂಡಳು. ಸ್ಟೂಲು ಎಳೆದು, "ಮಾಮಾ, ಸಿಟ್" ಎಂದಳು. ಅಲ್ಲಿ ದೊಡ್ಡ ಹೆಂಗಸರನ್ನು ಹಾಗೆ ಕರೆಯುತ್ತಾರೋ ಏನೋ. ಭಾವನ ಮುಖ ಸಣ್ಣಗಾಯಿತು. "ಆಯಮ್ಮ ಮನೇಲಿ ಏನೇನ್ ಬೇಯಿಸ್ತಾಳೋ..." ಎಂದು ಗೊಣಗಿದರು. ನಾನು ನಗುತ್ತ ಹೋಗಿ ಕಡೆಕ್‌ಗೆ ನೋ ಪ್ರಾಬ್ಲಮ್, ಶಿ ಲೈಕ್ಸ್ ಕುಕಿಂಗ್ ಎಂದೆ. ಅವಳು ನನ್ನನ್ನು ಒಂದು ಸಲ ನೋಡಿ, ಕೋಲು ಅಲ್ಲೇ ಇಟ್ಟು ಹೊರಗೆ ಹೋದಳು. ಅಕ್ಕನೇ ಎದ್ದು ತಿರುವಿ ಮುಗಿಸಿದಳು. ಮುದ್ದೆ ನಿಜಕ್ಕೂ ಬೆಣ್ಣೆಯಂತಿತ್ತು. ಎರಡು ತಿಂದೆ.

ಸಮುದ್ರ? ನಾಳೆ, ನಾಳೆ ಎನ್ನುತ್ತಲೇ ದಿನ ಕಳೆದವು. ಒಂದು ದಿನ ದೇವಸ್ಥಾನ, ಒಂದು ದಿನ ಜಲಪಾತ, ಒಂದು ದಿನ ಮಳೆ. ಕೊನೆಗೆ ಐದನೇ ದಿನ ಬೀಚು ಗ್ಯಾರಂಟಿಯಾಯಿತು. ಸಂಜೆ ಫ್ಲೈಟು. ವ್ಯಾನು ಬಂದು ನಿಂತಿತು. ಆಗ ಭಾವನಿಗೆ ನೆನಪಾಯಿತು, ಏರ್‌ಪೋರ್ಟಿನಲ್ಲಿ ತಿನ್ನುವುದಕ್ಕೆ ಏನು ಗತಿ?

"ನೀವ್ ಹೋಗ್ಬನ್ನಿ" ಎಂದಳು ಅಕ್ಕ. "ಅಷ್ಟ್ರಲ್ಲಿ ಪುಳಿಯೋಗರೆ ಕಲಸಿ ಕಟ್ಟಿರ್ತೀನಿ."

ಯಾರಾದರೂ ಬೇಡ ಎನ್ನಬೇಕಿತ್ತು. "ಬಾರಕ್ಕಾ, ಉಪವಾಸ ಇದ್ರೆ ಸಾಯಲ್ಲ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಡ್ರೈವರ್ ಹಾರ್ನ್ ಮಾಡಿದ. ನಾವು ಹತ್ತಿ ಕೂತೆವು. ನಾನು ಮರಳಿನಲ್ಲಿ ಸುಮ್ಮನೆ ಕೂತು ಬಂದೆ. ಯಾರೂ ನನ್ನನ್ನು ಕರೆಯಲಿಲ್ಲ. ಬಹಳ ಚೆನ್ನಾಗಿತ್ತು.

ವಿಮಾನದಲ್ಲಿ ಅಕ್ಕನಿಗೆ ಕಿಟಕಿ ಸೀಟು ಕೊಟ್ಟೆವು. (ನಮ್ಮ ಔದಾರ್ಯ!) ವಿಮಾನ ಏರುತ್ತಿದ್ದಂತೆ ಅವಳು ಗಾಜಿಗೆ ಹಣೆ ಹಚ್ಚಿದಳು. "ಇಷ್ಟೊಂದ್ ನೀರೇನ್ಲಾ!" ಎಂದಳು. ಮೋಡ ಮುಚ್ಚಿಕೊಳ್ಳುವವರೆಗೂ ನೋಡಿದಳು. ಆಮೇಲೆ ಬಲಭುಜ ಒತ್ತಿಕೊಳ್ಳುತ್ತ ಒರಗಿದಳು.

ತುಂಬಾ ಸುಸ್ತಾಯ್ತಾ ಎಂದು ಕೇಳಿದೆ. ಕೇಳಬಾರದಿತ್ತು.

"ಸುಸ್ತೇನಿಲ್ಲ ಬುಡು. ಮೆಸ್ಸಲ್ಲಾದ್ರೆ ಭಾನುವಾರ ರಾತ್ರಿ ರಜ ಇರ್ತಿತ್ತು, ಅಷ್ಟೇಯ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮಳೆ ಬಂತು ಎನ್ನುವ ಹಾಗೆ ಹೇಳಿ ಕಣ್ಣು ಮುಚ್ಚಿದಳು. ನನ್ನ ತೊಡೆಯ ಮೇಲೆ ಅವಳು ಕಟ್ಟಿಕೊಟ್ಟ ಪುಳಿಯೋಗರೆ ಪೊಟ್ಟಣ ಇತ್ತು. ನನಗೆ ನಾಚಿಕೆಯಾಯಿತು.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಬಾಗಿಲ ಬಳಿ ನೀಲಿ ಚಪ್ಪಲಿ ಇತ್ತು. ಬಚ್ಚಲಿಗೆ ಹಾಕಿಕೊಳ್ಳುವುದಕ್ಕೆ ಆಗಷ್ಟೇ ಕವರಿನಿಂದ ತೆಗೆದಿದ್ದಳಂತೆ. ತಿರುಗಿಸಿ ನೋಡಿದೆ. ತಳದಲ್ಲಿ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು. ಫಿಸಿಯೊಥೆರಪಿಗೆ ವಾರಕ್ಕೆ ಮೂರು ಸಲ ಬರಬೇಕು ಎಂದಿದ್ದಾರಂತೆ. ಅದನ್ನೂ ಕಾಫಿ ಮಾಡಿಕೊಡುತ್ತಲೇ ಹೇಳಿದಳು. ಈ ಸಲ ನಾನು ಎದ್ದು ಹೋಗಿ ಲೋಟ ತೊಳೆದೆ. "ಬುಡ್ಲಾ, ನಾನ್ ತೊಳ್ಕೋತೀನಿ" ಎಂದು ಬೈದಳು. ತೊಳೆದದ್ದು ಒಂದು ಲೋಟ. ಅದಕ್ಕೇ ಬೆನ್ನು ತಟ್ಟಿಕೊಳ್ಳುವಷ್ಟು ಬುದ್ಧಿ ನನಗೆ.

ಇದನ್ನು ಬರೆಯುತ್ತಿರುವಾಗಲೇ ಫೋನು ಟಿಂಗ್ ಎಂದಿತು. ಫ್ಯಾಮಿಲಿ ಗ್ರೂಪು. ಕುಣಿಗಲ್ ಭಾವ ಮುಂದಿನ ವರ್ಷಕ್ಕೆ ಅಂಡಮಾನಿನ ಒಂದು ವಿಲ್ಲಾದ ಲಿಂಕ್ ಕಳಿಸಿದ್ದಾರೆ. ಕೆಳಗೆ ಮಂಜನ ಹೆಬ್ಬೆರಳು. ಅದರ ಕೆಳಗೆ ಭಾವನ ಸಂಭ್ರಮದ ಸಾಲು: "ಇದ್ರಲ್ಲಿ ಎರಡು ಕಿಚನ್ ಇದೆ!!"

ಸರಿ ಭಾವ, ಇನ್ನೊಬ್ಬ ಗಂಗಕ್ಕನನ್ನು ಎಲ್ಲಿಂದ ತರೋಣ?