ಪದ್ಮಾ ಮೇಡಂ ಮತ್ತು ಉಜ್ಜಿದ ತೊಟ್ಟಿ

ವಿಜಯದಶಮಿಯ ಮರುದಿನ ಬೆಳಿಗ್ಗೆ, ಚಾಮರಾಜಪೇಟೆಯಲ್ಲಿ ಶಿವಣ್ಣನ ಕ್ರೋಮ್ ಪ್ಲೇಟಿಂಗ್ ಶೆಡ್ಡಿನ ಗೇಟಿನ ಒಳಗೆ, ನಲ್ಲಿಯ ಪಕ್ಕದಲ್ಲಿ ನಾನು ನಿಂತಿದ್ದೆ. ಪದ್ಮಾ ಮೇಡಂ ನನಗೂ ನೀರಿನ ತೊಟ್ಟಿಗೂ ನಡುವೆ ಇದ್ದರು. ಕಂಡದ್ದನ್ನು ಪೊಲೀಸರಿಗೆ ಹೇಳಿದ್ದೇನೆ. ಮೇಡಂ ಎಂಥವರು ಎಂದು ಅವರು ಕೇಳಲಿಲ್ಲ.

ಕಾಲೇಜಿನಲ್ಲಿ ನನಗೂ ಶಿವಣ್ಣನಿಗೂ ಸೂಕ್ಷ್ಮಜೀವಿಗಳ ಪಾಠ ಹೇಳಿದವರು ಅವರು. ಮಹಾ ಕೋಪಿಷ್ಠೆ. ಕೈ ತೊಳೆಯದೆ ಗಾಜಿನ ತಟ್ಟೆ ಮುಟ್ಟಿದರೆ ಸ್ಟೀಲ್ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ನಿವೃತ್ತರಾದ ಮೇಲೂ ಆ ಕೈ ಸುಮ್ಮನಿರಲಿಲ್ಲ.

ಶೆಡ್ಡಿನ ಕ್ರೋಮಿಯಂ ಬೆರೆತ ಹಳದಿ ನೀರು ಇನ್ನೊಮ್ಮೆ ಚರಂಡಿಯಲ್ಲಿ ಕಂಡರೆ ಬೀಗ ಹಾಕುತ್ತೇವೆ ಎಂದು ಮಾಲಿನ್ಯ ಮಂಡಳಿಯ ಅಧಿಕಾರಿಗಳು ಎಚ್ಚರಿಸಿದಾಗ, ಶಿವಣ್ಣ ನನ್ನನ್ನು ಕರೆದುಕೊಂಡು ತ್ಯಾಗರಾಜನಗರದ ಮೇಡಂ ಮನೆಗೆ ಹೋದ.

"ಊರಿಗೆಲ್ಲಾ ವಿಷ ಕುಡಿಸ್ತಿದೀಯಲ್ಲೋ. ನಿನ್ನನ್ನ ಪಾಸ್ ಮಾಡಿದ್ದು ಯಾರು? ನಾನೇ. ನನ್ನ ಕರ್ಮ" ಎಂದು ಬೈದು, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅದೇ ಚರಂಡಿಯ ಮಣ್ಣನ್ನು ಅವರು ಚಮಚದಲ್ಲಿ ತೆಗೆದುಕೊಂಡರು. "ಇಷ್ಟು ವಿಷದಲ್ಲೂ ಸಾಯದೆ ಉಳಿದಿದಾವಲ್ಲ, ಅವೇ ನಮ್ಮವರು." ಆ ಬ್ಯಾಕ್ಟೀರಿಯಾಗಳನ್ನು ಬೆಲ್ಲದ ನೀರು ಹಾಕಿ ಸಿಮೆಂಟ್ ತೊಟ್ಟಿಯಲ್ಲಿ ಬೆಳೆಸಿದರು. ಗೋಡೆಯ ತುಂಬ ಅವು ಲೋಳೆಯಾಗಿ ಕಟ್ಟಿಕೊಂಡವು. ಆಮೇಲೆ ಒಳಗೆ ಬಿಟ್ಟ ಹಳದಿ ನೀರು ಬಣ್ಣ ಕಳೆದುಕೊಂಡು ಹೊರಬಂತು.

"ಲೋಹ ಎಲ್ಲೂ ಹೋಗಲ್ಲ ಕಣೋ. ಹಾವಿನ ಹಲ್ಲು ಕಿತ್ತು ತಳದಲ್ಲಿ ಕೂರಿಸ್ತಾವೆ, ಅಷ್ಟೆ" ಎನ್ನುತ್ತಿದ್ದರು. ದಿನವೂ ಆಟೋ ಇಳಿದವರು ನಮ್ಮನ್ನು ಮಾತಾಡಿಸುವ ಮೊದಲೇ ಕೇಳುತ್ತಿದ್ದರು: "ನಮ್ಮವರಿಗೆ ತಿಂಡಿ ಆಯ್ತಾ?"

ಒಮ್ಮೆ ಶಿವಣ್ಣ ಅವಸರಪಟ್ಟು, ಬಣ್ಣ ಪೂರ್ತಿ ಹೋಗುವ ಮೊದಲೇ ನೀರು ಬಿಡಲು ಹೋದ. ಮೇಡಂ ಕೆಲಸಗಾರರೆದುರೇ ಅವನ ಕೆನ್ನೆಗೆ ಬಿಟ್ಟರು. ಅವನು ಕೆನ್ನೆ ಹಿಡಿದುಕೊಂಡು "ಸಾರಿ ಮೇಡಂ" ಎಂದ. ಪ್ಲೇಟಿಂಗ್ ಮಾಡುವ ಗೋವಿಂದ ನಕ್ಕ. ಅವನಿಗೂ ಒಂದು ಬಿತ್ತು. "ನಿನಗೇನೋ ನಗು? ಹೋಗಿ ಬೆಲ್ಲ ಕರಗಿಸು."

ವಿಜಯದಶಮಿಯ ಮರುದಿನ, ಹಬ್ಬದ ರಜೆ ಮುಗಿದ ಆ ಬೆಳಿಗ್ಗೆ, ತೊಟ್ಟಿಯ ಹೊರಗೆ ವಿಭೂತಿ ಪಟ್ಟೆ, ಕುಂಕುಮ, ಬಾಡಿದ ಚೆಂಡುಹೂವಿನ ಹಾರ ಇದ್ದವು. ಒಳಗಿನ ನೀರು ಹಳದಿಯಾಗಿಯೇ ಇತ್ತು. ಪೈಪಿನಿಂದ ಅದು ನೆಲಕ್ಕೂ ಚರಂಡಿಗೂ ಹರಿದಿತ್ತು. ಅಂದೇ ಅಧಿಕಾರಿಗಳು ಬರುವವರಿದ್ದರು. ಮೇಡಂ ಕೈ ಒಳಗೆ ಹಾಕಿ ಗೋಡೆ ಸವರಿದರು. ಲೋಳೆ ಇರಲಿಲ್ಲ.

"ಆಯುಧಪೂಜೆಗೆ ಅಂತ ನಾನೇ ಉಜ್ಜಿದೆ ಮೇಡಂ, ಫಿನಾಯಿಲ್ ಹಾಕಿ" ಎಂದ ಗೋವಿಂದ, ಹೆಮ್ಮೆಯಿಂದಲೇ. "ಮಿಷನ್ನೆಲ್ಲಾ ತೊಳೆದ್ವಿ. ನಿಮ್ಮ ತೊಟ್ಟಿ ಒಂದು ಗಲೀಜಾಗಿದ್ರೆ ಚೆನ್ನಾಗಿರುತ್ತಾ?"

ಸಾಮಾನು ತೂಗುಹಾಕುವ ಕಬ್ಬಿಣದ ರಾಡು ಗೋಡೆಗೆ ಒರಗಿತ್ತು. ಶಿವಣ್ಣ ಅದನ್ನು ಎತ್ತಿಕೊಂಡ. ಮೊದಲ ಏಟು ಗೋವಿಂದನ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಮಂಡಿಯೂರಿದ.

"ನಮ್ಮಪ್ಪನ ಶೆಡ್ಡು ಮುಗಿಸ್ಬಿಟ್ಯಲ್ಲೋ" ಎನ್ನುತ್ತ ಶಿವಣ್ಣ ಮತ್ತೆ ರಾಡು ಎತ್ತಿದ.

"ಬಿಡೋ ಅವನನ್ನ. ಆ ಲೋಳೇನೇ ಜೀವ ಅಂತ ನಾನು ಅವನಿಗೆ ಹೇಳೇ ಇರ್ಲಿಲ್ಲ" ಎಂದು ಮೇಡಂ ನಡುವೆ ನುಗ್ಗಿದರು. ಎಂದಿನಂತೆ ಶಿವಣ್ಣನ ಕೆನ್ನೆಗೆ ಹೊಡೆಯಲು ಅವರ ಕೈ ಮೇಲೆದ್ದಿತ್ತು. ಅದು ತಲುಪುವ ಮೊದಲೇ ರಾಡು ಇಳಿಯಿತು. ಮೇಡಂ ಎಡಗಿವಿಯ ಮೇಲೆ.

ನೆಲಕ್ಕೆ ಚೆಲ್ಲಿದ್ದ ಹಳದಿ ನೀರಿನಲ್ಲೇ ಅವರು ಕುಳಿತರು. ರಕ್ತ ಕುತ್ತಿಗೆಯಿಂದ ಸೀರೆಗೆ, ಸೀರೆಯಿಂದ ನೀರಿಗೆ ಇಳಿಯಿತು. ಅವರು ಶಿವಣ್ಣನನ್ನೇ ನೋಡಿ, ಪಾಠ ಹೇಳುವ ದನಿಯಲ್ಲಿ ಅಂದರು: "ಮತ್ತೆ ಬೆಳೆಸ್ಬಹುದಿತ್ತು ಕಣೋ. ಮಣ್ಣು ಅಲ್ಲೇ ಇದೆ."

ಸಂಜೆಗೆ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇದನ್ನು ಕಂಡು ಇಂದಿಗೂ ಬದುಕಿರುವವರು ನಾನಲ್ಲದೆ ಮೂವರು. ಜೈಲಿನಲ್ಲಿರುವ ಶಿವಣ್ಣ. ಕೂಗು ಕೇಳಿ ಗೇಟಿನವರೆಗೆ ಓಡಿಬಂದಿದ್ದ, ಎದುರಿನ ಹಿಟ್ಟಿನ ಗಿರಣಿಯ ರುಕ್ಮಿಣಮ್ಮ. ಮತ್ತೆ ಗೋವಿಂದ. ಎರಡನೆಯ ಏಟು ಅವನ ತಲೆಗೆ ಬರುತ್ತಿತ್ತು.