ಬಸ್ತ್ಯಾಂವನ ಲೈನಿನಲ್ಲಿ ಕಿರುಚಿದ ಮೋಡೆಮ್

ದಾಂಡೇಲಿಯ ಆ ಪ್ಲೈವುಡ್ ಕಾರ್ಖಾನೆಯಲ್ಲಿ ಬಸ್ತ್ಯಾಂವನ ಕೆಲಸ ಒಂದೇ: ಸತ್ತ ಫೋನನ್ನು ಬದುಕಿಸುವುದು. ಗೇಟಿನಿಂದ ನದಿ ದಂಡೆಯ ಪಂಪ್‌ಹೌಸಿನವರೆಗೆ ಕಂಬ ನೆಟ್ಟವನೂ ಅವನೇ, ತಂತಿ ಎಳೆದವನೂ ಅವನೇ. ಹಳಿಯಾಳದ ಕಡೆಯ ಸಿದ್ದಿ ಕ್ರಿಶ್ಚಿಯನ್ನರ ಮನೆಯ ಮಗ. ಕಂಬ ಹತ್ತಲು ಏಣಿ ಕೇಳಿದವನಲ್ಲ. ಹನ್ನೊಂದು ವರ್ಷ ದುಡಿದರೂ ಹಾಜರಿ ಪುಸ್ತಕದಲ್ಲಿ ಮಾತ್ರ ಇನ್ನೂ ದಿನಗೂಲಿಯವನು. ಕಾಯಂ ಮಾಡಿರೆಂದು ಕೇಳಿದರೆ "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು. ಆ ಮುಂದಿನ ವರ್ಷ ಯಾವ ಬಸ್ಸಿಗೆ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ.

೧೯೮೯ರಲ್ಲಿ ಕೊನೆಗೂ ಕಾಯಂ ಆಗುವವರ ಪಟ್ಟಿಯಲ್ಲಿ ಏಳನೆಯದಾಗಿ ಅವನ ಹೆಸರು ಬಂತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಈ ಸಲದ ಪೂಜಾರಿ ಒಂದು ಕಂಪ್ಯೂಟರು. ಹೊಸ ಯಂತ್ರ ಕೊಂಡ ಹುರುಪಿನಲ್ಲಿ ಬೆಳಗಾವಿಯ ಹೆಡ್ ಆಫೀಸಿನವರು, ಇನ್ನು ಮೇಲೆ ಪಟ್ಟಿಗಳೆಲ್ಲ ಫೋನಿನ ತಂತಿಯ ಮೇಲೆ ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಬರಬೇಕು, ಕಾಗದ ಮುಟ್ಟುವುದಿಲ್ಲ ಎಂದು ಹುಕುಂ ಹೊರಡಿಸಿದ್ದರು. ಗಡುವು ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ತಪ್ಪಿದರೆ ಮತ್ತೆ ಮುಂದಿನ ವರ್ಷ.

ಅದಕ್ಕೆ ಬೇಕಾದ ಮೋಡೆಮ್ ಎಂಬ ಹಸಿರು ಕಾರ್ಡನ್ನು ಹಿಡಿದುಕೊಂಡು ಗುರುವಾರ ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರ್ ಬಂದ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗೆ ಸಿಕ್ಕಿಸಿದ. ಕಂಪ್ಯೂಟರು ಅದರ ಗುರುತೇ ಇಲ್ಲವೆಂದಿತು. ದಿನವಿಡೀ ತಿಣುಕಿದ ಮೇಲೆ ತಿಳಿದದ್ದೇನೆಂದರೆ, ಮೋಡೆಮಿಗೂ, ಮೊದಲೇ ಒಳಗಿದ್ದ ಇನ್ನೊಂದು ಕಾರ್ಡಿಗೂ ಒಂದೇ ನಂಬರು ಇತ್ತು. ಒಂದು ಒರೆಯಲ್ಲಿ ಎರಡು ಕತ್ತಿ ಹೇಗೆ ಕೂತಾವು? ಎಂಜಿನಿಯರ್ ಕಾರ್ಡಿನ ಮೇಲಿನ ಸಣ್ಣ ಕ್ಲಿಪ್ಪೊಂದನ್ನು ಕಿತ್ತು ಪಕ್ಕದ ಜಾಗಕ್ಕೆ ಸಿಕ್ಕಿಸಿ ನಂಬರು ಬದಲಿಸಿದ, ಅದು ಸರಿಹೋಯಿತು.

ಶುಕ್ರವಾರ ಹೊಸ ರಗಳೆ. ಮೋಡೆಮ್ ಡಯಲ್ ಟೋನಿಗಾಗಿ ಕಾಯುತ್ತಲೇ ಕೂತಿತು. ಈ ಕಾರ್ಖಾನೆಯಲ್ಲಿ ಫೋನೆತ್ತಿದರೆ ಟೋನ್ ಬರುವುದಿಲ್ಲ, ಗೋದುಬಾಯಿ ಬರುತ್ತಾಳೆ. ಬೋರ್ಡಿನ ಮುಂದೆ ಕೂತು ಎಲ್ಲರಿಗೂ ಹೊರಗಿನ ನಂಬರು ಹಚ್ಚಿಕೊಡುವ ಆಪರೇಟರ್ ಅವಳು. ಇದನ್ನು ಬಸ್ತ್ಯಾಂವನೇ ತಿಳಿಸಿ ಹೇಳಬೇಕಾಯಿತು.

"ಸಾಹೇಬ್ರ, ನಂಬರ್ ಗೋದುಬಾಯಿ ಹಚ್ಚಿಕೊಡ್ಲಿ. ನಿಮ್ಮ ಮಿಷನ್ ಟೋನ್ ಕಾಯದ ಸೀದಾ ಮಾತ್ ಸುರು ಮಾಡೂಹಂಗ ಮಾಡ್ರಿ."

ಎಂಜಿನಿಯರ್ ಹಾಗೇ ಮಾಡಿದ. ಮೋಡೆಮ್ ಕಿರ್ರೆಂದು ಕಿರುಚಿತು, ಬೆಳಗಾವಿಯ ಕಡೆಯಿಂದಲೂ ಅಂಥದೇ ಕಿರುಚಾಟ ಬಂತು, ಇನ್ನೇನು ಪಟ್ಟಿ ಹೋಗತೊಡಗಿತು ಎನ್ನುವಷ್ಟರಲ್ಲಿ ಲೈನು ಕಟ್. ಮತ್ತೆ ಹಚ್ಚಿದರು, ಮತ್ತೆ ಕಟ್. ಶನಿವಾರ ಮಧ್ಯಾಹ್ನದವರೆಗೆ ಒಂಬತ್ತು ಸಲ ಹೀಗೇ ಆಯಿತು.

"ನನ್ನ ಕಾರ್ಡ್ ಛಲೋ ಐತ್ರಿ. ನಿಮ್ಮ ಲೈನ್ ಕೆಟ್ಟೈತಿ" ಎಂದು ಎಂಜಿನಿಯರ್ ಕೈ ತೊಳೆದುಕೊಂಡ.

ಮ್ಯಾನೇಜರ್ ನಾಗಲಿಂಗಪ್ಪನವರು ಕನ್ನಡಕದ ಮೇಲಿನಿಂದ ಬಸ್ತ್ಯಾಂವನನ್ನು ನೋಡಿದರು. "ಲೈನ್ ಕೆಟ್ಟಿದ್ದು ಖರೇ ಆದ್ರ, ಲೈನ್‌ಮನ್‌ನ ಯಾವ ಬಾಯಿಲೆ ಕಾಯಂ ಮಾಡ್ರಿ ಅನ್ಲೋ? ನೀನ ಹೇಳು."

ಬಸ್ತ್ಯಾಂವನಿಗೆ ಸಿಟ್ಟೂ ಬಂತು, ಅಳುವೂ ಬಂತು. ತನ್ನ ಲೈನನ್ನು ಕೆಟ್ಟದೆಂದರೆ ಹೆತ್ತ ಮಗುವನ್ನು ಬೈದಂತೆ ಅವನಿಗೆ. ಸೈಕಲ್ಲು ಹತ್ತಿ ಕಂಬದಿಂದ ಕಂಬಕ್ಕೆ ತಿರುಗಿದ. ಎಲ್ಲಿಯೂ ಕೊಂಬೆ ತಾಗಿರಲಿಲ್ಲ, ಒಂದು ಗಂಟೂ ಸಡಿಲಾಗಿರಲಿಲ್ಲ. ಕೊನೆಗೆ ಆಫೀಸಿನ ಎದುರಿನ ಕಂಬ ಹತ್ತಿ, ಪರೀಕ್ಷೆಯ ಫೋನನ್ನು ತಂತಿಗೆ ಕಚ್ಚಿಸಿ, "ಇನ್ನೊಮ್ಮೆ ಹಚ್ರಿ!" ಎಂದು ಕೂಗಿದ.

ಕಿವಿಗೆ ಕಿರುಚಾಟ ಬಿತ್ತು. ಸ್ವಲ್ಪ ಹೊತ್ತಿಗೆ 'ಟಕ್' ಎಂಬ ಸಣ್ಣ ಸಪ್ಪಳ. ಅದರ ಹಿಂದೆಯೇ ಗೋದುಬಾಯಿಯ ದನಿ: "ಹಲೋ? ಹಲೋ? ಅಯ್ಯ, ಲೈನ್ ಖರಾಬ್ ಐತ್ರಿ, ತೆಗೀತೇನಿ." ಆಮೇಲೆ ಎಲ್ಲ ತಣ್ಣಗಾಯಿತು.

ಕಂಬದ ಮೇಲೆ ಕೂತವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಎರಡು ಮಳೆಗಾಲದ ಹಿಂದೆ ಸಿಡಿಲು ಬಡಿದು, ತಂತಿಯೊಳಗಿಂದ ಬಂದ ಸದ್ದಿಗೆ ಗೋದುಬಾಯಿಯ ಕಿವಿ ವಾರಗಟ್ಟಲೆ ಕಿವುಡಾಗಿತ್ತು. ಮಾತು ನಡೆದಿರುವಾಗ ನಡುವೆ ಒಮ್ಮೆ ಕಿವಿಗೊಟ್ಟು ನೋಡು, ಕಿರ್ ಎಂದರೆ ಹಿಂದೆಮುಂದೆ ನೋಡದೆ ಕಿತ್ತುಬಿಡು ಎಂದು ಆಗ ಪಾಠ ಹೇಳಿದವನು ಅವನೇ. ಅವಳೋ ಅದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದಳು.

ಕೆಳಗಿಳಿದು ಬಂದು ಸಂಗತಿ ಹೇಳಿದ. ನಾಗಲಿಂಗಪ್ಪನವರ ಮೂಗಿನ ತುದಿಗೆ ಸಿಟ್ಟು ಬಂತು.

"ನಡುವ ಕಟ್ ಮಾಡು ಅಂತ ಅಕಿಗೆ ಯಾರ್ ಹೇಳ್ಯಾರ? ಅಕೀನ್ನ ಮೊದಲ ಬೋರ್ಡಿನಿಂದ ಎಬ್ಬಸ್ತೇನಿ!"

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲೈನು ನಿರ್ದೋಷಿ, ಅವನೂ ನಿರ್ದೋಷಿ. ಬಸ್ತ್ಯಾಂವ ಒಂದು ಹೆಜ್ಜೆ ಮುಂದೆ ಬಂದ.

"ನಾನ ಹೇಳಿದ್ದ್ರಿ ಸಾಹೇಬ್ರ. ಬಾಯೀದು ತಪ್ಪಿಲ್ರಿ."

ಮ್ಯಾನೇಜರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಗಡಿಯಾರ ನೋಡಿದರು. ಮೂರೂಕಾಲು. "ನಿನ್ನ ಹೆಸರಿಂದು ನಾ ನೋಡ್ಕೋತೇನಿ. ನೀ ನಡಿ ಹೊರಗ" ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಗೋದುಬಾಯಿಗೆ ವಿಷಯ ತಿಳಿಸಿ, ಏನು ಕಿರುಚಿದರೂ ಮುಟ್ಟಬೇಡವೆಂದು ಹೇಳಿ, ಬಸ್ತ್ಯಾಂವ ಪಂಪ್‌ಹೌಸಿನ ಕಡೆ ಹೋಗಿ ಕೂತ. ಪಟ್ಟಿ ಹೋಗಬಹುದು, ಆದರೆ ಹೋಗುವ ಮೊದಲು ಅದರಿಂದ ಒಂದು ಹೆಸರು ಅಳಿಸಲು ಎಷ್ಟು ಹೊತ್ತು ಬೇಕು? ಬಾಯಿ ಬಿಡದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಲ್ಕು ಹೊಡೆಯಿತು. ನಾಲ್ಕೂವರೆಗೆ ಪಂಪ್‌ಹೌಸಿನ ಫೋನು ಬಡಿದುಕೊಂಡಿತು.

"ಹಲೋ, ಯಾರ್ ಬೇಕಾಗಿತ್ರಿ?"

"ನೀನ ಬೇಕಾಗಿದ್ದಿ, ತಮ್ಮಾ," ಗೋದುಬಾಯಿ ಒಂದೇ ಉಸಿರಿಗೆ ಹೇಳಿದಳು. "ಪಟ್ಟಿ ಮುಟ್ಟೇತಿ. ಬೆಳಗಾವಿಯವ್ರು ಮ್ಯಾನೇಜರ್ ಸಾಹೇಬ್ರಿಗೆ ಒಂದೊಂದ ಹೆಸರು ಓದಿ ಹೇಳಿದ್ರು. ನಾ ಕದ್ದು ಕೇಳಿದ್ನಿ. ಏಳನೇದು ನಿಂದ ಐತಿ."

ಹನ್ನೊಂದು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಅವನ ಹೆಸರಿಗೆ ಬಂದ ಮೊದಲ ಫೋನು ಅದು. ಬಸ್ತ್ಯಾಂವ ಫೋನನ್ನು ಎದೆಗೆ ಒತ್ತಿಕೊಂಡ. ಆ ತುದಿಯಲ್ಲಿ ಗೋದುಬಾಯಿ "ಹಲೋ? ಹಲೋ?" ಎನ್ನುತ್ತಲೇ ಇದ್ದಳು. ಈ ಸಲ ಮಾತ್ರ ಅವಳು ಲೈನು ಕೀಳಲಿಲ್ಲ.